ಒಡೆದ ಗಾಜಿನಡಿಯ ಗಿಡ

ಅಟ್ಲಾಂಟಿಕ್ಕಿನ ನಡುವೆ, ಸಾವ್ ಮಿಗೆಲ್ ದ್ವೀಪದಲ್ಲಿ
ಅನಾನಸ್ಸಿಗೂ ಮನೆ ಕಟ್ಟುತ್ತಾರೆ:
ಗಾಜಿನ ಮಾಡು, ಬಿಸಿಲು ತಡೆಯಲು ತೆಳು ಸುಣ್ಣ,
ಒಳಗೆ ಸಾಲು ಸಾಲು ಮುಳ್ಳಂಚಿನ ಎಲೆ.

ದೆಯೋಲಿಂದ ಚಿಕ್ಕಮ್ಮ ಬಾಗಿಲು ಜಡಿದು
ಹಸಿ ಸೊಪ್ಪಿಗೆ ಬೆಂಕಿ ಇಡುತ್ತಿದ್ದಳು.
ಉರಿಯಬಾರದು, ಹೊಗೆಯಬೇಕು.
ಎಂಟು ರಾತ್ರಿ.
ಭಾನುವಾರ ಇಗರ್ಜಿಯಲ್ಲಿ
ಅವಳ ಪಕ್ಕದ ಜಾಗ ಖಾಲಿ.

"ಹೊಗೆ ಹಾಕಿದರೆ ಸೊಳ್ಳೆ ಓಡುತ್ತೆ, ಸರಿ,
ಹೂ ಯಾಕೆ ಬರುತ್ತೆ?" ಕೇಳಿದ್ದೆ, ಒಂಬತ್ತರ ಹುಡುಗಿ.
"ಗಾಬರಿಗೆ ಕಣೆ. ಸತ್ತೇಹೋದೆ ಅನ್ನಿಸಿದಾಗ
ಯಾರಿಗಾದರೂ ಮಕ್ಕಳ ಯೋಚನೆ ಬರುತ್ತೆ."

ಲಿಸ್ಬನ್ನಿನಲ್ಲಿ ಓದುವಾಗ ತಿಳಿಯಿತು, ಗಾಬರಿಯಲ್ಲ.
ಹೊಗೆಯೊಳಗೆ ಹೊಗೆಯಲ್ಲದ್ದೊಂದಿದೆ,
ಕಣ್ಣಿಗೆ ಬೀಳದ ಎಥಿಲೀನ್.
ಗಿಡಕ್ಕೆ ಅದು ಪರಭಾಷೆಯೂ ಅಲ್ಲ:
ಹೊತ್ತು ಬಂದಾಗ ತನ್ನೊಳಗೆ ತಾನೇ
ಚೂರು ತಯಾರಿಸಿ ಗುನುಗಿಕೊಳ್ಳುವ ಮಾತು.
ಅದನ್ನೇ ನಾವು ಮುಂಚಿತವಾಗಿ, ಗಟ್ಟಿಯಾಗಿ
ಹೇಳಿಬಿಡುತ್ತೇವೆ.
ಎಲೆ ಹಡೆಯುತ್ತಿದ್ದ ತುದಿ ಕಸುಬು ಬದಲಿಸುತ್ತದೆ;
ನಡುಬಟ್ಟಲಲ್ಲಿ ಕೆಂಪು, ಕೆಂಪಿನ ಮೇಲೆ ನೇರಳೆ,
ಎಲ್ಲ ಮಡಿಯಲ್ಲೂ ಒಟ್ಟಿಗೇ.
ಹಡಗು ಯಾರಿಗಾಗಿಯೂ ಕಾಯುವುದಿಲ್ಲವಲ್ಲ.

ಆ ವರ್ಷ ಬಿರುಗಾಳಿಗೆ ಮೂಲೆಯ ಗಾಜೊಂದು ಒಡೆದಿತ್ತು.
ಗೋಣಿ ತುರುಕುತ್ತೇನೆಂದ ಜೆರೋನಿಮು ಮರೆತ.
ಅದರಡಿಯ ಗಿಡಕ್ಕೆ ಮಾತು ಮುಟ್ಟಲೇ ಇಲ್ಲ.
ಉಳಿದವು ಕಾಯಿ ಹೊತ್ತು ನಿಂತರೂ
ಅದು ಎಲೆಯ ಮೇಲೆ ಎಲೆ,
ಎಲೆಯ ಮೇಲೆ ಎಲೆ.
"ಕಿತ್ತು ಬಿಸಾಡು" ಎಂದ ಮೇಸ್ತ್ರಿ.
ಕಿವಿ ಕೇಳದವಳ ಹಾಗೆ ಚಿಕ್ಕಮ್ಮ ನೀರು ಹೊಯ್ದಳು.

ಹಡಗು ಹೋಗಿ ಏಳು ತಿಂಗಳಿಗೆ ಅದು ಹೂ ಬಿಟ್ಟಿತು,
ಯಾರೂ ಕೇಳದಿದ್ದಾಗ.
ಹಣ್ಣು ಯಾವ ಲೆಕ್ಕಕ್ಕೂ ಸೇರದು, ಯಾವ ಪೆಟ್ಟಿಗೆಗೂ.
ಅಡುಗೆಮನೆಯಲ್ಲಿ ನಿಂತೇ ತಿಂದೆವು,
ರಸ ಮೊಣಕೈವರೆಗೆ.

ಕೊಯ್ದ ಗಿಡದ ಬುಡವನ್ನು ಮಣ್ಣಲ್ಲಿ ಹೂಳುವುದು ಅಲ್ಲಿಯ ಪದ್ಧತಿ.
ತುದಿಯಿಂದ ಇಳಿಯುತ್ತ ಇಷ್ಟು ದಿನವೂ
"ಸುಮ್ಮನಿರಿ" ಎಂದು ಗದರುತ್ತಿದ್ದ ಆಕ್ಸಿನ್ ಈಗಿಲ್ಲ;
ಮಗ್ಗುಲಲ್ಲಿ ಮಲಗಿದ್ದ ಮೊಗ್ಗುಗಳು
ಹಿರಿಯರಿಲ್ಲದ ಮನೆಯ ಹುಡುಗರಂತೆ
ಒಂದೊಂದಾಗಿ ತಲೆ ಎತ್ತುತ್ತವೆ.

ಆ ಬುಡದ ಒಂದು ಕುಡಿ ಚಿಕ್ಕಮ್ಮನ ಕಿಟಕಿಯಲ್ಲಿದೆ.
ಒಲೆಯ ಹೊಗೆ ಆ ಕಡೆ ಹೋಗದಂತೆ ನೋಡಿಕೊಳ್ಳುತ್ತಾಳೆ,
ಸೇಬಿನ ಬುಟ್ಟಿಯನ್ನೂ ದೂರ ಇಟ್ಟಿದ್ದಾಳೆ,
ಮಾಗುವ ಹಣ್ಣೂ ಅದೇ ಮಾತಾಡುತ್ತದೆಂದು ನಾನು ಹೇಳಿದ ಮೇಲೆ.

ಫೋನಿನಲ್ಲಿ ಕೇಳುತ್ತೇನೆ: ಹೂ ಬಂತೇ?
"ಇಲ್ಲ, ಇನ್ನೂ ಎಲೆಯೇ" ಎನ್ನುತ್ತಾಳೆ,
ಒಳ್ಳೆಯ ಸುದ್ದಿ ಹೇಳುವವಳ ಹಾಗೆ.