ಇಪ್ಪತ್ತೆರಡನೇ ಸಾಲು, ಏಳನೇ ಕುರ್ಚಿ

ನನ್ನ ಕೆಲಸ ಗೆರೆ ಎಳೆಯುವುದು.
ಐದೈದು ಗಜಕ್ಕೊಂದು, ಹುಲ್ಲಿನ ಮೇಲೆ ಬಿಳಿ ಬಣ್ಣ,
ಇಪ್ಪತ್ತಾರು ವರ್ಷದಿಂದ. ಈ ಸಲ ಮಾತ್ರ
ಮೊದಲ ಗೆರೆ ಎಳೆದದ್ದು ಕಾಲೇಜಿನ ಮೆಸ್ಸಿನ ನೆಲದಲ್ಲಿ,
ಆರಾರು ಅಡಿಗೊಂದು ಪಟ್ಟಿ,
ಹುಡುಗರು ತಟ್ಟೆ ಹಿಡಿದು ನಿಲ್ಲಲಿಕ್ಕೆ.

ನೆಬ್ರಾಸ್ಕಾದ ಈ ಊರಿಗೆ ಮೆಕ್ಕೆಜೋಳ ಬಿಟ್ಟರೆ ಫುಟ್‌ಬಾಲೇ ಗತಿ.
ಶನಿವಾರ ಆಟವಿಲ್ಲದಿದ್ದರೆ ಹೋಟೆಲು, ಪೆಟ್ರೋಲ್ ಬಂಕು,
ಚರ್ಚಿನ ಕಾಣಿಕೆ ಡಬ್ಬಿ, ಎಲ್ಲಕ್ಕೂ ಉಪವಾಸ.
ಆಗಸ್ಟಿನಲ್ಲಿ ಸಭೆ ಸೇರಿತು,
ಒಬ್ಬೊಬ್ಬರೂ ಒಂದೊಂದು ಚೌಕದೊಳಗೆ ಕೂತು.
ಡಾಕ್ಟರು ಆಟ ಬೇಡವೆಂದರು. ಖಜಾಂಚಿ ಬೇಕೆಂದರು.
ಡೀನು 'ಸುರಕ್ಷಿತವಾಗಿ' ಎಂಬ ಮಾತನ್ನು ಹನ್ನೊಂದು ಸಲ ಆಡಿದರು.
ನಾನು ಎಣಿಸುತ್ತಿದ್ದೆ, ನನ್ನ ಮೈಕು ಮುಚ್ಚಿತ್ತು.
ಕೊನೆಗೆ ಎಲ್ಲರೂ ಕೈ ತೊಳೆದುಕೊಂಡರು,
ಇಪ್ಪತ್ತು ಸೆಕೆಂಡು, ಸೋಪು ಹಚ್ಚಿ,
ನಿಯಮದಲ್ಲಿ ಇದ್ದ ಹಾಗೆಯೇ.

ಜನ ಬರಕೂಡದು, ಜನರ ಪಟ ಬರಬಹುದು.
ಐವತ್ತು ಡಾಲರಿಗೆ ಒಂದು ರಟ್ಟಿನ ಮೈ, ಸೊಂಟದವರೆಗೆ.
ಎರಡು ಸಾವಿರದ ಮುನ್ನೂರ ಹನ್ನೊಂದು:
ಅಜ್ಜಿಯರು, ಕೂಸುಗಳು, ಮೂರು ನಾಯಿ, ಒಂದು ಹಂದಿ ಕೂಡ.
ಇಪ್ಪತ್ತೆರಡನೇ ಸಾಲು, ಏಳನೇ ಕುರ್ಚಿ: ಕ್ಷೌರದ ಲ್ಯಾಡಿ ಹ್ರುಸ್ಕ.
ನಿಜದಲ್ಲೂ ಅವನದೇ ಜಾಗ ಅದು, ನಲವತ್ತು ವರ್ಷ.

ಬೆಳಿಗ್ಗೆ ಐದೂವರೆಗೆ ಮರ್ಲಿಸ್ ಬರುತ್ತಾಳೆ.
ಕಣಕಾಲಿಗೆ ಪಟ್ಟಿ ಸುತ್ತುತ್ತಿದ್ದವಳು,
ಈಗ ಮೂಗಿಗೆ ಕಡ್ಡಿ.
ಮುನ್ನೂರು ಪೌಂಡಿನ ಆಳುಗಳು ಕಣ್ಣೀರು ಸುರಿಸಿ ಸೀನುತ್ತಾರೆ.
ಪಾಸಾದವರಿಗೆ ಅಭ್ಯಾಸ. ಉಳಿದವರಿಗೆ ಹತ್ತು ದಿನ ಕೋಣೆ,
ಬಾಗಿಲ ಹೊರಗೆ ಪೊಟ್ಟಣದ ಊಟ.
ಪಾಸಾದವರು ಮೈದಾನಕ್ಕಿಳಿದು
ತಲೆಗೆ ತಲೆ ಕೊಟ್ಟು, ಒಬ್ಬನ ಉಸಿರು ಒಬ್ಬ ಕುಡಿದು
ರಾಶಿ ಬೀಳುತ್ತಾರೆ. ಮೆಸ್ಸಿನ ಪಟ್ಟಿ ನೆನೆದು
ನನಗೆ ನಗು.

ತವೀತ ಲೆವಾಸಾಗೆ ಒಂದು ದಿನವೂ ಜ್ವರ ಬರಲಿಲ್ಲ,
ಕಾಫಿಯ ವಾಸನೆ ಮಾತ್ರ ಹೋಗಿತ್ತು.
ಮರಳಿ ಬಂದಾಗ ಸ್ಕ್ಯಾನು ಮಾಡಿಸಿದರು:
ಹೃದಯದ ಸ್ನಾಯುವಿನಲ್ಲಿ ಉಗುರಗಲ ಊತ.
ಕೋಚು ಅವನನ್ನು ಎದೆಗಾರ ಎನ್ನುತ್ತಿದ್ದ,
ಆಮೇಲೆ ಆ ಮಾತು ಆಡಲಿಲ್ಲ.
"ನಾನೇ ಆಡ್ತೀನಿ ಅಂತ ಸಹಿ ಹಾಕಿದ್ದು," ಅಂದ ಹುಡುಗ,
"ಅಮ್ಮನಿಗೆ ಹೇಗೆ ಹೇಳೋದೋ ತಿಳೀತಿಲ್ಲ."
ಹತ್ತೊಂಬತ್ತರ ಸಹಿ.
ಆ ವಯಸ್ಸಲ್ಲಿ ಯಾರಾದರೂ ನನ್ನ ಕೈಗೆ ಚೆಂಡು ಕೊಟ್ಟಿದ್ದರೆ
ನಾನೂ ಎಲ್ಲಿ ಬೇಕಾದರೂ ಹಾಕುತ್ತಿದ್ದೆ.

ಮೊದಲ ಆಟಕ್ಕೆ ಜನರ ಕೂಗಿನ ರೆಕಾರ್ಡು.
ಗುಂಡಿ ಒತ್ತಲು ಸಂಗೀತ ವಿಭಾಗದ ಹುಡುಗ,
ಅವನು ಯಾವಾಗಲೂ ಚೂರು ತಡ.
ಚೆಂಡು ಕೈತಪ್ಪಿ ಬಿತ್ತು: ಜೈಕಾರ.
ನಮ್ಮವನೊಬ್ಬ ಮಂಡಿ ಹಿಡಿದು ಉರುಳಿದ: ಜೈಕಾರ.
ಆಮೇಲೆ ಯಂತ್ರ ಕೈಕೊಟ್ಟಿತು. ಆ ಮೌನದಲ್ಲಿ
ಹುಡುಗರ ಏದುಸಿರು ಮೇಲಿನ ಸಾಲಿಗೂ ಕೇಳಿಸಿತು,
ಇಷ್ಟು ವರ್ಷದಲ್ಲಿ ಮೊದಲ ಸಲ.

ಅಕ್ಟೋಬರಿನ ಮೂರನೇ ವಾರ ಲ್ಯಾಡಿ ತೀರಿಕೊಂಡ.
ಆಟದಿಂದ ಬಂತೋ, ಅಂಗಡಿಯಿಂದಲೋ, ಮೊಮ್ಮಗಳಿಂದಲೋ,
ಸೋಂಕಿನ ಬೆನ್ನ ಮೇಲೆ ನಂಬರು ಬರೆದಿರುವುದಿಲ್ಲ.
ರಟ್ಟು ತೆಗೆಯಲೇ ಎಂದು ಫೋನು ಮಾಡಿದೆ.
ಬ್ಲಾಂಚ್ ಬಹಳ ಹೊತ್ತು ಸುಮ್ಮನಿದ್ದಳು.
"ದುಡ್ಡು ಕೊಟ್ಟಿರೋದು ಕೊನೇ ಆಟದವರೆಗೆ ಅಲ್ಲವಾ?
ಕೂರಲಿ ಬಿಡು. ಶನಿವಾರ ಅವನು ಮನೆಯಲ್ಲಿ
ಯಾವತ್ತು ಇದ್ದ?"

ಬಯಲಿನ ಗಾಳಿ ಅವನನ್ನು ಎರಡು ಸಲ ಮಗುಚಿತು.
ತಂತಿ ತಂದು ಕಟ್ಟಿದೆ. ಕುತ್ತಿಗೆಗಲ್ಲ, ಸೊಂಟಕ್ಕೆ.

ಕೊನೇ ಆಟ ನಡೆಯಲಿಲ್ಲ. ಎದುರಾಳಿಗಳ ಬಸ್ಸು
ಅರ್ಧ ದಾರಿಯಿಂದ ಹಿಂದಿರುಗಿತು,
ಏಳು ಜನರ ಪರೀಕ್ಷೆಯಲ್ಲಿ ಎರಡೆರಡು ಗೆರೆ.
ನನ್ನ ಗೆರೆಗಳೂ ಆಗಷ್ಟೇ ಮುಗಿದಿದ್ದವು.
ಲೆವಾಸಾ ಮೇಲೆ ಹತ್ತಿ ಬಂದ, ಡಾಕ್ಟರು ಹೇಳಿದ ಹಾಗೆ
ನಿಂತು ನಿಂತು. ಲ್ಯಾಡಿಯ ಪಕ್ಕ
ಎರಡು ಕುರ್ಚಿ ಬಿಟ್ಟು ಕೂತ.
ಹಿಮ ಬೀಳತೊಡಗಿತು, ನನ್ನ ಬಿಳಿಯ ಮೇಲೆ ಅದರ ಬಿಳಿ.

ಸೋಮವಾರ ಕಚೇರಿಯಿಂದ ಹಾಳೆ ಬಂತು, ರಟ್ಟುಗಳ ಲೆಕ್ಕ ಒಪ್ಪಿಸಲು.
ಸಾಲು. ಕುರ್ಚಿ. ಹೆಸರು. ಸ್ಥಿತಿ.
ಇಪ್ಪತ್ತೆರಡು, ಏಳು, ಹ್ರುಸ್ಕ ಎಂದು ತುಂಬಿ
ಪೆನ್ನು ಹಿಡಿದು ಕೂತೆ. ಹೊರಗೆ ಕತ್ತಲಾಯಿತು.
'ಒದ್ದೆ' ಎಂದು ಬರೆದೆ.
ಆಮೇಲೆ, 'ಕೂತಿದ್ದಾನೆ.'