ಆಟಿಯಲ್ಲಿ ಧೂಳು

ಜುಬೈಲಿನ ಕ್ಯಾಂಪು, ಏಳನೇ ರೂಮು.
ರಾತ್ರಿ ಪಾಳಿ ಮುಗಿಸಿ ಬಂದವನ ಕೈಯಲ್ಲಿ
ನಮ್ಮೂರ ಪೇಟೆ ಉರಿಯುತ್ತಿತ್ತು,
ನಲವತ್ತು ಸೆಕೆಂಡು.

ನೋಡಿದೆ. ಎಲ್ಲರಿಗೂ ಕಳಿಸಿದೆ. ಆಮೇಲೆ ಹಲ್ಲುಜ್ಜಿದೆ.

ಕ್ರೇನಿನ ಶೀನಣ್ಣ ಕನ್ನಡಕ ಏರಿಸಿ
ಬೆಂಕಿಯನ್ನಲ್ಲ, ರಸ್ತೆಯನ್ನು ನೋಡಿದ:
"ಇದು ಆಟಿ ತಿಂಗಳು ಮಾರಾಯ,
ಇಲ್ಲಿ ಧೂಳು ಏಳ್ತಾ ಉಂಟಲ್ಲ?"

ಅಕ್ಕನಿಗೆ ಫೋನು ಹಚ್ಚಿದೆ.
ಅವಳ ಹಲೋಗೆ ಮೊದಲು ಕೇಳಿಸಿದ್ದು
ತಗಡಿನ ಮೇಲೆ ಮಳೆ.
"ಪೇಟೆಯಾ? ಈಗಷ್ಟೇ ಹೋಗಿ ಬಂದೆ.
ಬಂಗುಡೆಗೆ ಬೆಂಕಿ ರೇಟು,
ಉರಿದದ್ದು ಅದೊಂದೇ."

ಸುಳ್ಳಂತೆ, ಎಂದು ಬರೆದು ಕಳಿಸಿದೆ.
ಮೂವರು ನೋಡಿದರು.

ಎದುರು ಮಂಚದ ಮೊಯ್ದಿನಬ್ಬ
ಬೆಳಿಗ್ಗೆಯಿಂದ ಗೋಡೆ ಕಡೆ ಮಲಗಿದ್ದಾನೆ,
ನಿದ್ದೆಯಲ್ಲ.
ನಮ್ಮಿಬ್ಬರಿಗೂ ಒಂದೇ ಕೆಟಲು.
ನೀರು ತುಂಬಿಟ್ಟಿದ್ದೇನೆ.
ಸ್ವಿಚ್ಚು
ಇನ್ನೂ ಯಾರೂ ಒತ್ತಿಲ್ಲ.