ಷರಾ

ಏಪ್ರಿಲ್ ಮೊದಲ ವಾರ. ದುರ್ಗಿಗುಡಿಯ ಎರಡನೇ ಮಹಡಿಯಲ್ಲಿ
ಆಡಿಟರ್ ಪದ್ಮರಾಜಯ್ಯನವರು ನಮ್ಮ ಬಳಗದ ಪುಸ್ತಕವನ್ನು
ಹಿಂದೆ ಮುಂದೆ ಮಗುಚಿ, ಕನ್ನಡಕ ಹಣೆಗೇರಿಸಿ,
'ಮೂರು ನಾಟಕ, ಒಂದು ಮಕ್ಕಳ ಶಿಬಿರ,
ಖರ್ಚು ಮೂವತ್ತೆಂಟು ಸಾವಿರ ಚಿಲ್ಲರೆ.
ಖಜಾಂಚಿಗಳೇ, ಇದು ನಂಬೋ ಮಾತಾ?' ಅಂದರು.

ಮೂವತ್ತು ವರ್ಷ ಬಸ್ ಡಿಪೋದಲ್ಲಿ ಟಿಕೆಟ್ ಲೆಕ್ಕ ಬರೆದ ಕೈ ಇದು.
ಖರ್ಚು ಹೆಚ್ಚು ತೋರಿಸಿದವರನ್ನು ಹಿಡಿದದ್ದುಂಟು.
ಕಮ್ಮಿ ತೋರಿಸಿ ಸಿಕ್ಕಿಬಿದ್ದದ್ದು ಇದೇ ಮೊದಲು.

ಹೇಳಿದೆ:
ಸಾರ್, ಅರಸನ ಜರಿ ಅಂಗಿಗೆ ಬಿಲ್ಲಿಲ್ಲ.
ಅದು ಜಬೀವುಲ್ಲಾ ಅವರ ಅಂಗಡಿಯ
ಮದುವೆ ಬ್ಲೌಸುಗಳ ತುಂಡು ಸೇರಿ ಆದ ಅಂಗಿ.
ರಂಜಾನಿನ ಹೊಲಿಗೆಯೆಲ್ಲ ಮುಗಿದ ಮೇಲೆ, ರಾತ್ರಿ ಎರಡಕ್ಕೆ,
ಕೈ ಸುಮ್ಮನೆ ಕೂರಲಿಲ್ಲ ಅಂತ ಹೊಲಿದದ್ದು.
ಹತ್ತಿರ ಹೋಗಿ ನೋಡಿದರೆ ಅರಸನ ಬೆನ್ನ ಮೇಲೆ
ಊರಿನ ಅರ್ಧಕ್ಕರ್ಧ ಮದುವೆಗಳು ಕಾಣುತ್ತವೆ.

ಬೆಳದಿಂಗಳಿಗೂ ಬಿಲ್ಲಿಲ್ಲ. ಒಬ್ಬ ಲೈನ್‌ಮನ್
(ಹೆಸರು ಬರೆಯಬೇಡಿ ಅಂದಿದ್ದಾರೆ)
ಹಾಲಿನ ಪುಡಿಯ ಡಬ್ಬಕ್ಕೆ ಬಲ್ಬು ಕೂರಿಸಿ ಮಾಡಿಕೊಟ್ಟರು.
ಸೂರ್ಯ ಮಾತ್ರ ಬಾಡಿಗೆಯದು. ವೋಚರ್ ಇದೆ, ಹನ್ನೆರಡನೇ ಪುಟ.

ಹೂವಿನ ಕೆಂಚಮ್ಮ ಕೊಟ್ಟ ನೂರಾ ಒಂದಕ್ಕೆ
ಕ್ರಮವಾಗಿ ರಸೀದಿ ಹರಿದೆ.
ಅದರಲ್ಲೇ ರಾಣಿಯ ಮಲ್ಲಿಗೆ ಸುತ್ತಿ ವಾಪಸ್ ಕೊಟ್ಟರು.

ಆಡಿಟರ್ ನಗಲಿಲ್ಲ. ಆಸ್ತಿ ಪಟ್ಟಿಗೆ ಬಂದರು.
ಕುರ್ಚಿ, ಕಬ್ಬಿಣದ್ದು, ಮಡಚುವಂಥದ್ದು, ನೂರಾ ನಲವತ್ತಮೂರು.
ವರ್ಷ ವರ್ಷ ಸವಕಳಿ ಕಳೆದೂ ಕಳೆದೂ
ಈಗ ಅವುಗಳ ಬೆಲೆ ಒಂದು ರೂಪಾಯಿ.
ಎಲ್ಲಕ್ಕೂ ಸೇರಿ.

ಹನ್ನೊಂದು ವರ್ಷ ಆ ಕುರ್ಚಿಗಳನ್ನು ಹೊತ್ತವರು ಗುತ್ಯಪ್ಪ.
ಸಾಮಿಲ್ಲಿನಿಂದ ನೇರ ಬರುತ್ತಿದ್ದರು,
ಕಿವಿಯ ಹಿಂದೆ ಇನ್ನೂ ಮರದ ಹೊಟ್ಟು.
ನಾವು ಬಣ್ಣ ಒರೆಸಿಕೊಂಡು, ಹಾರ ಹಾಕಿಸಿಕೊಂಡು,
ಮೂರನೇ ಅಂಕ ಯಾಕೆ ಎಳೆಯಿತು ಅಂತ ಜಗಳವಾಡಿ
ಹೊರಗೆ ಬರುವಷ್ಟರಲ್ಲಿ ಶಾಲೆಯ ಸಭಾಂಗಣ ಖಾಲಿ.
ಕುರ್ಚಿಗಳು ತಾವೇ ಮಡಚಿಕೊಳ್ಳುತ್ತವೆ ಅಂದುಕೊಂಡಿದ್ದೆವೋ ಏನೋ.
ನಿಜ ಹೇಳಬೇಕೆಂದರೆ, ಏನೂ ಅಂದುಕೊಂಡಿರಲಿಲ್ಲ.

ದೀಪಾವಳಿಯ ನಂತರದ ನಾಟಕಕ್ಕೆ ಅವರು ಬರಲಿಲ್ಲ.
ಬೆಳಿಗ್ಗೆ ಎಂಟಕ್ಕೆ ಹೆಡ್‌ಮಿಸ್ ಫೋನು:
'ಪ್ರಾರ್ಥನೆಗೆ ಜಾಗ ಇಲ್ಲ. ಬಂದು ತೆಗೀತೀರೋ,
ಮಕ್ಕಳಿಂದ ತೆಗೆಸಲೋ?'
ಗುತ್ಯಪ್ಪನ ಮನೆ ಎಲ್ಲಿ ಅಂತ
ಆಗ ಒಬ್ಬರನ್ನೊಬ್ಬರು ಕೇಳಿಕೊಂಡೆವು.
ಒಬ್ಬರಿಗೂ ಗೊತ್ತಿರಲಿಲ್ಲ.

ಮೆಗ್ಗಾನ್ ಆಸ್ಪತ್ರೆಯ ವಾರ್ಡಿನಲ್ಲಿ ಸಿಕ್ಕರು. ಸೊಂಟಕ್ಕೆ ಪಟ್ಟಿ.
ಕಿತ್ತಳೆ ಇಟ್ಟು, ಕೇಳಬಾರದ್ದನ್ನು ಕೇಳಿದೆ,
ಯಾಕೆ ಬರುತ್ತಿದ್ದಿರಿ?
'ಇಡೀ ದಿನ ಗರಗಸದ ಸದ್ದು ಕಿವೀಲಿ ಇರ್ತದೆ.
ಜನ ನಗೋದು ಕೇಳಿ ಹೋದ್ರೆ ನಿದ್ದೆ ಬರ್ತದೆ.'

ಸಾರ್, ಈ ಸವಕಳಿಯನ್ನು ಯಾವ ಕಲಮಿನಲ್ಲಿ ಬರೆಯಲಿ
ಅಂತ ಕೇಳಬೇಕೆಂದಿದ್ದೆ. ಕೇಳಲಿಲ್ಲ.
ಪದ್ಮರಾಜಯ್ಯನವರು ಸಹಿ ಹಾಕಿದರು, ಫೀಸು ಪೂರ್ತಿ ತೆಗೆದುಕೊಂಡರು,
ರಸೀದಿ ಕೊಟ್ಟರು. ಅವರದೂ ಹೊಟ್ಟೆಪಾಡು.

ಮೊನ್ನೆಯ ನಾಟಕಕ್ಕೆ ಗುತ್ಯಪ್ಪನವರನ್ನು ಆಟೋದಲ್ಲಿ ಕರೆತಂದು
ಮೊದಲ ಸಾಲಿನಲ್ಲಿ ಕೂರಿಸಿದೆವು.
ಅಷ್ಟು ವರ್ಷ ಬಾಗಿಲಾಚೆ ಬೈಕುಗಳಿಗೆ ಕಾವಲು ಕೂತು
ನಾಟಕ ಕೇಳಿದ್ದರಂತೆ. ನೋಡಿರಲಿಲ್ಲ.
'ಅಯ್ಯ, ಅರಸ ಇಷ್ಟು ಗಿಡ್ಡನಾ?' ಅಂದರು ಜೋರಾಗಿ.
ಆಟ ಒಂದು ಗಳಿಗೆ ನಿಂತಿತು. ಅರಸನೂ ನಕ್ಕ.

ಮುಗಿದ ಮೇಲೆ, ಗಡ್ಡ ಕೀಳದ ಮಂತ್ರಿ,
ಸೆರಗು ಬಿಗಿದ ರಾಣಿ, ಮಂಡಿನೋವಿನ ನಾನು
ಕುರ್ಚಿ ಎತ್ತಿದೆವು. ಬೆರಳು ಸಿಕ್ಕಿಸಿಕೊಂಡೆವು.
'ಹಂಗಲ್ಲ. ನಾಕು ನಾಕು ಒರಗಿಸಿ.
ನೀಲಿ ತಂತಿ ಸುತ್ತಿದ್ದು ಕೊನೆಗೆ, ಅದರ ಕಾಲು ಮುರಿದದೆ.'
ಅಂಥದ್ದೊಂದು ಇದೆಯೆಂದು
ನನ್ನ ಯಾವ ಪುಸ್ತಕದಲ್ಲೂ ಇರಲಿಲ್ಲ.

ಮನೆಗೆ ಬಂದು ಹೊಸ ವರ್ಷದ ಪುಸ್ತಕ ತೆರೆದೆ.
ಜಮಾ ಇನ್ನೂ ಖಾಲಿ. ಖರ್ಚು: ಆಟೋ, ಎಂಬತ್ತು ರೂಪಾಯಿ.
ಷರಾ ಕಲಮಿನಲ್ಲಿ, ಪೆನ್ಸಿಲಿನಿಂದ,
ನೀಲಿ ತಂತಿ, ಕೊನೆಗೆ.